ಓಟಿಗೊಂದು ಲೆಕ್ಕದ ಪುಸ್ತಕ: ಅಜೈಲ್ ಟೀಮ್ ಸುಸ್ತಾಗದೆ ಕೆಲಸ ಮಾಡುವುದು ಹೇಗೆ

ಆ ಶುಕ್ರವಾರ ರಾತ್ರಿ ಪಿಜ್ಜಾ ತರಿಸಿದವನು ನಾನೇ. ರಿಲೀಸ್‌ಗೆ ಇನ್ನು ನಾಲ್ಕು ದಿನ ಇತ್ತು. ಟೀಮ್ ಸತತ ಮೂರನೇ ವಾರ ತಡವಾಗಿ ಕೂತಿತ್ತು. ಹನ್ನೊಂದು ನಲವತ್ತಕ್ಕೆ ನಮ್ಮಲ್ಲೇ ತುಂಬಾ ಹುಷಾರಿನ ಹುಡುಗ ಡೇಟಾಬೇಸ್ ಬದಲಾಯಿಸುವ ಒಂದು ಮೈಗ್ರೇಶನ್ ಸ್ಕ್ರಿಪ್ಟ್ ರನ್ ಮಾಡಿದ. ಸ್ಟೇಜಿಂಗ್ (ಪರೀಕ್ಷೆಯ ಸರ್ವರ್) ಅಂದುಕೊಂಡಿದ್ದ, ಅದು ಪ್ರೊಡಕ್ಷನ್ (ಗ್ರಾಹಕರು ಬಳಸುವ ಸರ್ವರ್). ಎರಡು ಟರ್ಮಿನಲ್, ಎರಡೂ ಕಪ್ಪು, ಎರಡರಲ್ಲೂ ಸರ್ವರ್ ಹೆಸರು ಹೆಚ್ಚೂಕಡಿಮೆ ಒಂದೇ. "ಒಂದ್ನಿಮಿಷ ಇಲ್ಲಿ ಬರ್ತೀರಾ" ಅಂತ ಕರೆದ. ಏನೋ ಎಡವಟ್ಟಾಗಿದೆ ಅಂತ ಆ ದನಿಯಲ್ಲೇ ಗೊತ್ತಾಯಿತು.

ಬ್ಯಾಕಪ್ ಇತ್ತು, ಬಚಾವಾದೆವು. ಆದರೆ ಆರು ಜನಕ್ಕೆ ಶನಿವಾರ ಪೂರ್ತಿ, ಭಾನುವಾರ ಅರ್ಧ ದಿನ ಅದಕ್ಕೇ ಹೋಯಿತು. ಸೋಮವಾರ ಕೂತು ಲೆಕ್ಕ ಹಾಕಿದೆ. ಮೂರು ವಾರ ಓಟಿ (ಓವರ್‌ಟೈಮ್, ಸಮಯ ಮೀರಿ ದುಡಿಯುವುದು) ಮಾಡಿ ಗಳಿಸಿದ್ದು ಸುಮಾರು 88 ಗಂಟೆ. ಆ ಒಂದು ತಪ್ಪು ಸರಿಮಾಡಲು ಹೋಗಿದ್ದು 84 ಗಂಟೆ.

ಇದಕ್ಕಿಂತ ಕೆಟ್ಟದ್ದು ಮುಂದಿನ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ನಡೆಯಿತು (ಅಜೈಲ್ ಪದ್ಧತಿಯಲ್ಲಿ ಸಾಫ್ಟ್‌ವೇರ್ ಕೆಲಸವನ್ನು ಕೆಲವೇ ವಾರದ ತುಂಡುಗಳಾಗಿ ಮುಗಿಸುತ್ತಾ ಹೋಗುತ್ತಾರೆ, ಒಂದೊಂದು ತುಂಡು ಒಂದು ಸ್ಪ್ರಿಂಟ್). ಆ 88 ಗಂಟೆಯನ್ನು ನಾವು ಎಲ್ಲೂ ಬರೆದಿಟ್ಟಿರಲಿಲ್ಲ. ಚಾರ್ಟ್‌ನಲ್ಲಿ ಕಂಡಿದ್ದು ಒಂದೇ: ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಕೆಲಸದ ಅಳತೆ, ಮೇಲೆ ಹೋಗಿತ್ತು. "ಹೋದ ಸಲ ಇಷ್ಟು ಮಾಡಿದ್ರಲ್ಲ, ಈ ಸಲಾನೂ ಅಷ್ಟೇ ಹಾಕೋಣ" ಅಂದರು. ನಾವು ತಲೆ ಆಡಿಸಿದೆವು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಟ್ಯಾಂಕರ್ ನೀರು ಗೊತ್ತು. ಮಾರ್ಚ್ ತಿಂಗಳಲ್ಲಿ ಎರಡು ಸಲ ತರಿಸಿದರೆ ಅದು ಅನುಕೂಲ. ವರ್ಷವಿಡೀ ದಿನಾ ಬರುತ್ತಿದ್ದರೆ ಬೋರ್‌ವೆಲ್ ಬತ್ತಿದೆ, ಇಲ್ಲವೇ ಎಲ್ಲೋ ಪೈಪ್ ಸೋರುತ್ತಿದೆ ಎಂದರ್ಥ. ಅಸೋಸಿಯೇಷನ್‌ನವರು ಟ್ಯಾಂಕರ್ ಬಿಲ್ ಇಟ್ಟುಕೊಂಡಿದ್ದರೆ ಅದು ತಿಂಗಳಲ್ಲೇ ಗೊತ್ತಾಗುತ್ತದೆ. ಓಟಿಗೂ ಅಂಥ ಬಿಲ್ ಬೇಕು. ಓಟಿಯನ್ನು ನಿಷೇಧಿಸಿ ಅಂತ ನಾನು ಹೇಳುವುದಿಲ್ಲ, ಅದು ಆಗುವ ಮಾತೂ ಅಲ್ಲ. ಬರೆದಿಡಿ ಅನ್ನುತ್ತೇನೆ.

ಪೀಣ್ಯದ ಫ್ಯಾಕ್ಟರಿಯಲ್ಲಿ ಓಟಿ ಅಂದರೆ ಡಬಲ್ ಸಂಬಳ, ಹಾಗಾಗಿ ಅಲ್ಲಿ ಯಾರಾದರೂ ಬರೆದೇ ಬರೆಯುತ್ತಾರೆ. ಐಟಿಯಲ್ಲಿ ಆ ಪದವೇ ಬಳಕೆಯಲ್ಲಿಲ್ಲ. "ಸ್ವಲ್ಪ ಸ್ಟ್ರೆಚ್ ಮಾಡಿ", "ವೀಕೆಂಡ್ ಸಪೋರ್ಟ್ ಇರಲಿ", "ರಾತ್ರಿ ಒಂದ್ಸಲ ಲಾಗಿನ್ ಆಗಿ ನೋಡಿಬಿಡಿ" ಅನ್ನುತ್ತಾರೆ. ಹೆಸರೇ ಇಲ್ಲದ್ದಕ್ಕೆ ಲೆಕ್ಕ ಇಡುವುದು ಕಷ್ಟ, ಅಲ್ವಾ?

ಮೊದಲು, ಮ್ಯಾನೇಜರ್ ಮುಂದೆ ಇಡಲು ನಾಲ್ಕು ಸಂಗತಿ

ಇದು ಸೋಮಾರಿಗಳ ವಾದ ಅಲ್ಲ ಅಂತ ಮೊದಲೇ ತೋರಿಸಬೇಕಾಗುತ್ತದೆ. ಅದಕ್ಕೆ ಇಷ್ಟು ಸಾಕು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಮ್ಯಾನಿಫೆಸ್ಟೋ ಬರೆದರು. ಅದರ ಜೊತೆಗಿರುವ 12 ತತ್ವಗಳಲ್ಲಿ ಒಂದು ಇದೇ ವಿಷಯದ್ದು: ದುಡ್ಡು ಹಾಕುವವರು, ಡೆವಲಪರ್‌ಗಳು, ಬಳಸುವವರು ಎಲ್ಲರೂ ಎಷ್ಟು ಕಾಲ ಬೇಕಾದರೂ ಒಂದೇ ವೇಗದಲ್ಲಿ ಹೋಗುವಂತಿರಬೇಕು. ಅಂದರೆ ದಿನಾ ಸ್ಟ್ಯಾಂಡಪ್ (ಬೆಳಗಿನ ಚಿಕ್ಕ ಮೀಟಿಂಗ್) ಮಾಡಿ, ರಾತ್ರಿ ಹತ್ತರವರೆಗೆ ಕೂರಿಸುವ ಟೀಮ್ ಅಜೈಲ್‌ನ ಅರ್ಧ ಭಾಗವನ್ನು ಮಾತ್ರ ಪಾಲಿಸುತ್ತಿದೆ.

ಅದಕ್ಕೂ ಮುಂಚೆ, 1990ರ ದಶಕದ ಕೊನೆಯಲ್ಲಿ, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ವಿಧಾನದಲ್ಲಿ "40 ಗಂಟೆಯ ವಾರ" ಎಂಬ ಪದ್ಧತಿಯೇ ಇತ್ತು. ಅದರ ನಿಯಮ ಸರಳ: ಒಂದು ವಾರ ಓಟಿ ಮಾಡಬಹುದು, ಬೆನ್ನಿಗೇ ಎರಡನೇ ವಾರ ಮಾಡುವಂತಿಲ್ಲ. ಎರಡನೇ ವಾರವೂ ಬೇಕಾಯಿತು ಅಂದರೆ ಪ್ಲಾನ್‌ನಲ್ಲೇ ಏನೋ ತಪ್ಪಿದೆ, ಅದನ್ನು ಹೆಚ್ಚು ಗಂಟೆ ಕೂತು ಸರಿಮಾಡಲು ಆಗುವುದಿಲ್ಲ.

ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕ್ಯಾವೆಲ್ ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಲೆಕ್ಕಪತ್ರ ತೆಗೆದು ನೋಡಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಗಂಟೆಯ ಫಲ ಇಳಿಯುತ್ತಾ ಹೋಗಿತ್ತು. 70 ಗಂಟೆ ದುಡಿದವರು ಮಾಡಿದ್ದಕ್ಕೂ 56 ಗಂಟೆ ದುಡಿದವರು ಮಾಡಿದ್ದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅದು ಕೈಕೆಲಸ. ತಲೆಯ ಕೆಲಸದಲ್ಲಿ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿರುತ್ತದೆ ಅಂತ ನನಗಂತೂ ಅನಿಸುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನನ್ನ ತಲೆಗೆ ಮೊದಲು ಬಂದಿದ್ದು ಈ ಲೆಕ್ಕವೇ.

ಇನ್ನು ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿಯುವವರಿಗೆ ಸ್ಟ್ರೋಕ್ ಆಗುವ ಅಪಾಯ 35 ಶೇಕಡಾ ಜಾಸ್ತಿ.

ಹೆಜ್ಜೆ 1: ಎರಡು ಸ್ಪ್ರಿಂಟ್ ಏನೂ ಬದಲಾಯಿಸದೆ ಬರೆದಿಡಿ

ಒಂದು ಶೇರ್ಡ್ ಶೀಟ್ ತೆಗೆಯಿರಿ. ಐದು ಕಾಲಂ ಸಾಕು: ದಿನ, ಎಷ್ಟು ಗಂಟೆ, ಏನು ಕೆಲಸ, ಯಾಕೆ ಬಂತು, ಮೊದಲೇ ಗೊತ್ತಾಗಬಹುದಿತ್ತಾ. ಹೆಸರಿನ ಕಾಲಂ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಹೆಸರು ಬಂದ ತಕ್ಷಣ ಅದು ಎರಡರಲ್ಲಿ ಒಂದಾಗುತ್ತದೆ: ಯಾರು ಕಡಿಮೆ ಕೂತರು ಅನ್ನುವ ಹಾಜರಿ ಪುಸ್ತಕ, ಇಲ್ಲವೇ ಯಾರು ಜಾಸ್ತಿ ಕೂತರು ಅನ್ನುವ ಸನ್ಮಾನ ಪತ್ರ. ಎರಡರಲ್ಲೂ ಜನ ಸುಳ್ಳು ಬರೆಯುತ್ತಾರೆ.

ತುಂಬಿದ ಶೀಟ್ ಹೀಗಿರುತ್ತದೆ:

- ಮಂಗಳವಾರ, 1.5 ಗಂಟೆ. ಅಮೆರಿಕದ ಟೀಮ್ ಜೊತೆ ಕಾಲ್, ರಾತ್ರಿ 9:30ರಿಂದ. ಕಾರಣ: ಟೈಮ್ ಝೋನ್. ಮೊದಲೇ ಗೊತ್ತಿತ್ತು, ಪ್ರತಿ ವಾರ ಇರುತ್ತದೆ.
- ಬುಧವಾರ, 3 ಗಂಟೆ. ಟೆಸ್ಟ್ ಎನ್ವಿರಾನ್‌ಮೆಂಟ್ ಮಧ್ಯಾಹ್ನ ಪೂರ್ತಿ ಡೌನ್ ಇತ್ತು, ರಾತ್ರಿ ಕೂತು ಟೆಸ್ಟ್ ಮಾಡಿದ್ದು. ಕಾರಣ: ಕಾದಿದ್ದು.
- ಗುರುವಾರ, 2 ಗಂಟೆ. ಡೆಮೋಗೆ ಅಂತ ಒಂದು ಫಿಲ್ಟರ್ ಸೇರಿಸಿದ್ದು. ಕಾರಣ: ನಡುವೆ ಬಂದ ಕೆಲಸ. ಕೇಳಿದ್ದು ಸಂಜೆ ನಾಲ್ಕಕ್ಕೆ.
- ಶನಿವಾರ, 4 ಗಂಟೆ. ಪ್ರೊಡಕ್ಷನ್ ಇಶ್ಯೂ. ಕಾರಣ: ಹೋದ ವಾರ ಅವಸರದಲ್ಲಿ ಮರ್ಜ್ ಮಾಡಿದ (ಮುಖ್ಯ ಕೋಡ್‌ಗೆ ಸೇರಿಸಿದ) ಕೋಡ್.
- ಸೋಮವಾರ, 2 ಗಂಟೆ. ಎರಡು ದಿನದ್ದು ಅಂದುಕೊಂಡಿದ್ದ ಸ್ಟೋರಿ (ಒಂದು ಬಿಡಿ ಕೆಲಸ) ನಾಲ್ಕು ದಿನದ್ದಾಗಿತ್ತು. ಕಾರಣ: ಅಂದಾಜು ತಪ್ಪು.

ಯಾವುದು ಓಟಿ, ಯಾವುದು ಅಲ್ಲ ಅನ್ನುವ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಔಟರ್ ರಿಂಗ್ ರೋಡ್ ಟ್ರಾಫಿಕ್ ತಪ್ಪಿಸಲು ನಾಲ್ಕಕ್ಕೆ ಹೊರಟು, ಮಗುವಿಗೆ ಊಟ ಮಾಡಿಸಿ, ಎಂಟರಿಂದ ಹತ್ತರವರೆಗೆ ಮತ್ತೆ ಲಾಗಿನ್ ಆಗುವವರು ಇದ್ದಾರೆ. ಅದು ಓಟಿ ಅಲ್ಲ, ದಿನವನ್ನು ಎರಡು ತುಂಡು ಮಾಡಿಕೊಂಡಿದ್ದು. ಆದರೆ ಎಂಟು ಗಂಟೆ ಮುಗಿಸಿದವರು ರಾತ್ರಿ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ಸುಮ್ನೆ ಕೂತಿದ್ದರೂ ಅದು ಓಟಿಯೇ. ಊಟದ ತಟ್ಟೆ ಮುಂದೆ ಫೋನ್‌ನಲ್ಲಿ ಒಂದು ಸಾಲು ಉತ್ತರ ಕೊಟ್ಟಿದ್ದನ್ನು ಬರೆಯಬೇಡಿ. ಕಾಲು ಗಂಟೆ ದಾಟಿದರೆ ಬರೆಯಿರಿ. ಆಸಕ್ತಿಯಿಂದ ತಾನಾಗಿಯೇ ಏನೋ ಕಲಿಯಲು ಕೂತಿದ್ದರೆ ಅದು ಅವರವರ ಖುಷಿ, ಶೀಟ್‌ಗೆ ಬೇಡ.

ಹೆಜ್ಜೆ 2: ಕಾರಣದ ಪ್ರಕಾರ ಗುಡ್ಡೆ ಹಾಕಿ

ಎರಡು ಸ್ಪ್ರಿಂಟ್ ಆದ ಮೇಲೆ ಗಂಟೆಗಳನ್ನು ಕಾರಣದ ಕೆಳಗೆ ಕೂಡಿಸಿ. ನಾನು ಮೊದಲ ಸಲ ಕೂಡಿಸಿದಾಗ ಅಂದಾಜು ತಪ್ಪಿದ್ದೇ ದೊಡ್ಡ ಗುಡ್ಡೆ ಆಗಿರುತ್ತದೆ ಅಂದುಕೊಂಡಿದ್ದೆ. ಅಲ್ಲ. ಕಾಲ್‌ಗಳು ಮತ್ತು ಕಾಯುವುದು ಸೇರಿ ಅರ್ಧಕ್ಕಿಂತ ಜಾಸ್ತಿ ಇತ್ತು. ನಾವು ಅಷ್ಟು ದಿನ "ಎಸ್ಟಿಮೇಶನ್ ಸುಧಾರಿಸಬೇಕು" ಅಂತ ಪ್ರತಿ ರೆಟ್ರೋದಲ್ಲಿ (ಸ್ಪ್ರಿಂಟ್ ಮುಗಿದ ಮೇಲಿನ ಪರಾಮರ್ಶೆಯಲ್ಲಿ) ಬರೆಯುತ್ತಿದ್ದೆವು. ಕಾಲು ನೋವಿಗೆ ಕಣ್ಣಿಗೆ ಔಷಧಿ ಹಾಕಿದ ಹಾಗೆ.

ದೊಡ್ಡ ಗುಡ್ಡೆ ಯಾವುದೋ ಅದನ್ನು ಮಾತ್ರ ಹಿಡಿಯಿರಿ. ಕೆಳಗಿನ ಹೆಜ್ಜೆಗಳಲ್ಲಿ ನಿಮ್ಮ ಗುಡ್ಡೆಗೆ ಹೊಂದುವುದನ್ನು ಮೊದಲು ಮಾಡಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಅದನ್ನು ಸಂಭಾಳಿಸಲೂ ಓಟಿ ಬೇಕಾಗುತ್ತದೆ.

ಹೆಜ್ಜೆ 3: ಹಾಸಿಗೆ ಅಳೆಯಿರಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಹಾಸಿಗೆ ಎಷ್ಟಿದೆ ಅಂತ ಅಳೆದವರು ಕಡಿಮೆ.

ಆರು ಜನದ ಟೀಮ್, ಎರಡು ವಾರದ ಸ್ಪ್ರಿಂಟ್. ಕಾಗದದ ಮೇಲೆ 60 ದಿನ, ದಿನಕ್ಕೆ ಎಂಟು ಗಂಟೆಯಂತೆ 480 ಗಂಟೆ. ಈಗ ಕಳೆಯುತ್ತಾ ಬನ್ನಿ. ಗಣೇಶ ಹಬ್ಬಕ್ಕೆ ಒಂದು ದಿನ ರಜೆ, ಆರು ಜನಕ್ಕೆ ಆರು ದಿನ ಹೋಯಿತು. ಉಳಿದಿದ್ದು 54. ಒಬ್ಬರು ಈ ಸ್ಪ್ರಿಂಟ್ ಪೂರ್ತಿ ಆನ್‌ಕಾಲ್ (ತೊಂದರೆ ಬಂದರೆ ಯಾವ ಹೊತ್ತಿನಲ್ಲೂ ಫೋನ್ ಎತ್ತುವ ಪಾಳಿ), ಅವರ ಒಂಬತ್ತು ದಿನ ತೆಗೆಯಿರಿ, 45. ಇಬ್ಬರು ಹಬ್ಬದ ಜೊತೆ ಎರಡೆರಡು ದಿನ ಸೇರಿಸಿ ಊರಿಗೆ ಹೋಗುತ್ತಾರೆ, 41. ಇನ್ನು ಮೀಟಿಂಗ್, ಕೋಡ್ ರಿವ್ಯೂ, ಮೇಲ್, ಪಕ್ಕದ ಟೀಮ್‌ನವರ "ಒಂದೇ ಒಂದು ಡೌಟ್" ಎಲ್ಲ ಕಳೆದರೆ ದಿನಕ್ಕೆ ಐದು ಗಂಟೆ ಕೈಗೆ ಸಿಗುತ್ತದೆ. 41 ಸಲ 5 ಅಂದರೆ 205.

480 ಎಲ್ಲಿ, 205 ಎಲ್ಲಿ! ನಡುವೆ ಇರುವ 275 ಗಂಟೆಯಲ್ಲಿ ಸ್ವಲ್ಪ ಭಾಗಕ್ಕೆ ಕೆಲಸ ತುಂಬಿದರೂ ಅದನ್ನು ರಾತ್ರಿಯೇ ಮಾಡಬೇಕು. ದಿನಕ್ಕೆ ಐದು ಗಂಟೆ ಅನ್ನುವುದು ನನ್ನ ಟೀಮ್‌ಗಳ ಅನುಭವ. ನಿಮ್ಮದು ನಾಲ್ಕೂ ಇರಬಹುದು. ಒಂದು ವಾರ ಗಮನಿಸಿ ನೋಡಿ.

ಗಂಟೆ ಬೇಡ, ನಾವು ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡುವ ಅಂಕ) ಬಳಸುತ್ತೇವೆ ಅನ್ನುವವರು ಇನ್ನೂ ಎಚ್ಚರವಾಗಿರಬೇಕು. ಐದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಪಾಯಿಂಟ್ 21, 19, 31, 24, 20 ಅಂದುಕೊಳ್ಳಿ. ಸರಾಸರಿ 23. ಆದರೆ ಆ 31 ಬಂದ ಸ್ಪ್ರಿಂಟ್‌ನಲ್ಲಿ ಟೀಮ್ ರಾತ್ರಿ ಹಗಲು ಕೂತಿತ್ತು. ಅದನ್ನು ಬಿಟ್ಟರೆ ಸರಾಸರಿ 21. ಎರಡೇ ಪಾಯಿಂಟ್ ವ್ಯತ್ಯಾಸ ಅನಿಸಬಹುದು. ಆದರೆ ಆ ಎರಡು ಪಾಯಿಂಟ್ ಇನ್ನು ಮುಂದೆ ಪ್ರತಿ ಸ್ಪ್ರಿಂಟ್‌ಗೂ ಸೇರುತ್ತದೆ. ಅದನ್ನು ಮುಗಿಸಲು ಮತ್ತೆ ಓಟಿ, ಆ ಓಟಿಯಿಂದ ಸರಾಸರಿ ಇನ್ನೂ ಮೇಲೆ. ನಮ್ಮ ಟೀಮ್ ಸಿಕ್ಕಿಹಾಕಿಕೊಂಡಿದ್ದು ಇಲ್ಲಿಯೇ.

ಹಾಗಾಗಿ ನಿಯಮ: ಓಟಿ ನಡೆದ ಸ್ಪ್ರಿಂಟ್ ಅನ್ನು ವೆಲಾಸಿಟಿ ಸರಾಸರಿಗೆ ಸೇರಿಸಬೇಡಿ. ಶೀಟ್ ಇಲ್ಲದೆ ಇದು ಸಾಧ್ಯವಿಲ್ಲ, ಯಾವ ಸ್ಪ್ರಿಂಟ್‌ನಲ್ಲಿ ಓಟಿ ಇತ್ತು ಅಂತ ಮೂರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಹೆಜ್ಜೆ 4: "ಆಗಲ್ಲ" ಅನ್ನಬೇಡಿ, "ಯಾವುದು ಬಿಡಲಿ" ಅನ್ನಿ

ಗುರುವಾರ ಸಂಜೆ ನಾಲ್ಕು ಗಂಟೆ. ಪ್ರಾಡಕ್ಟ್ ಓನರ್ (ಟೀಮ್ ಏನು ಮಾಡಬೇಕು ಅಂತ ತೀರ್ಮಾನಿಸುವವರು) ಬರುತ್ತಾರೆ. ಅವರೂ ಕೆಟ್ಟವರಲ್ಲ, ಅವರ ಮೇಲೆ ಇನ್ಯಾರೋ ಕೂತಿರುತ್ತಾರೆ.

"ನಾಳೆ ಡೆಮೋಗೆ ಡೌನ್‌ಲೋಡ್ ಬಟನ್ ಒಂದು ಬೇಕಿತ್ತು. ಚಿಕ್ಕ ಕೆಲಸ."

"ಮಾಡಬಹುದು. ಸುಮಾರು ಐದು ಗಂಟೆ ಆಗುತ್ತೆ. ನಾಳೆ ಡೆಮೋದಲ್ಲಿ ಸರ್ಚ್ ಮತ್ತೆ ರಿಪೋರ್ಟ್ ಎರಡು ತೋರಿಸ್ಬೇಕು ಅಂತಿದೆ. ಇದರಲ್ಲಿ ಯಾವುದು ಮುಂದಿನ ಸಲಕ್ಕೆ ಹೋಗಲಿ?"

"ಎರಡೂ ಬೇಕು. ಇವತ್ತು ಸ್ವಲ್ಪ ಸ್ಟ್ರೆಚ್ ಮಾಡಿದ್ರೆ ಆಗಲ್ವಾ?"

"ಆಗುತ್ತೆ. ಆದ್ರೆ ಸೋಮವಾರ ಬೆಳಗ್ಗೆ ಇಬ್ಬರು ರಜೆ, ರಿಪೋರ್ಟ್‌ನ ಬಗ್ ಫಿಕ್ಸ್ ಬುಧವಾರಕ್ಕೆ ಹೋಗುತ್ತೆ. ಓಟಿ ಶೀಟ್‌ನಲ್ಲಿ 'ನಡುವೆ ಬಂದ ಕೆಲಸ' ಅಂತ ಹಾಕ್ಕೊತೀನಿ. ಪರವಾಗಿಲ್ವಾ?"

ಇಲ್ಲಿ ಹತ್ತರಲ್ಲಿ ಆರು ಸಲ "ಬೇಡ ಬಿಡಿ, ಮುಂದಿನ ಸ್ಪ್ರಿಂಟ್‌ನಲ್ಲೇ ನೋಡೋಣ" ಅನ್ನುವ ಉತ್ತರ ಬರುತ್ತದೆ. ಇದು ಸಂಶೋಧನೆ ಅಲ್ಲ, ನನ್ನ ಅಂದಾಜು. ಉಳಿದ ನಾಲ್ಕು ಸಲ ಆ ಬಟನ್ ನಿಜವಾಗಿಯೂ ಬೇಕಿರುತ್ತದೆ. ಆಗ ಮಾಡಿಕೊಡಿ, ಸೋಮವಾರದ ರಜೆಯನ್ನೂ ತೆಗೆದುಕೊಳ್ಳಿ. ರಜೆ ತೆಗೆದುಕೊಳ್ಳದಿದ್ದರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

"ಸ್ಪ್ರಿಂಟ್ ಶುರುವಿನಲ್ಲಿ ಕಮಿಟ್ ಮಾಡಿದ್ದೀರಲ್ಲ" ಅನ್ನುವವರು ಸಿಗುತ್ತಾರೆ. ಅವರಿಗೆ ಒಂದು ಸಂಗತಿ ಹೇಳಿ. ಸ್ಕ್ರಮ್ ಎಂಬ ಅಜೈಲ್ ವಿಧಾನದ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2011ರ ಆವೃತ್ತಿಯಲ್ಲೇ ಸ್ಪ್ರಿಂಟ್‌ನ ಕೆಲಸಗಳಿಗೆ "ಕಮಿಟ್‌ಮೆಂಟ್" ಅನ್ನುವ ಪದ ತೆಗೆದು "ಫೋರ್‌ಕಾಸ್ಟ್" ಅಂತ ಹಾಕಿದರು. ಹವಾಮಾನ ಇಲಾಖೆ ಮಳೆ ಬರುತ್ತದೆ ಅಂದ ಮಾತ್ರಕ್ಕೆ ಅವರೇ ಬಂದು ನೀರು ಸುರಿಯುವುದಿಲ್ಲ.

ಹೆಜ್ಜೆ 5: ಒಂದೇ ಸಲಕ್ಕೆ ಹಿಡಿದ ಕೆಲಸ ಕಡಿಮೆ ಮಾಡಿ

ಟೀಮ್‌ನ ಕೆಲಸಗಳ ಬೋರ್ಡ್ ನೋಡಿ, ಅದರಲ್ಲಿ ಒಂದು ಕಾರ್ಡ್ ಅಂದರೆ ಒಂದು ಕೆಲಸ. "ನಡೆಯುತ್ತಿದೆ" ಕಾಲಂನಲ್ಲಿ 12 ಕಾರ್ಡ್ ಇದೆ, ವಾರಕ್ಕೆ ಮೂರು ಮುಗಿಯುತ್ತಿವೆ ಅಂದುಕೊಳ್ಳಿ. ಹಾಗಾದರೆ ಒಂದು ಕಾರ್ಡ್ ಮುಗಿಯಲು ಸರಾಸರಿ ನಾಲ್ಕು ವಾರ ಬೇಕು. ಇದನ್ನು ಲಿಟಲ್ ನಿಯಮ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಆರೇ ಕಾರ್ಡ್ ಹಿಡಿದು ವಾರಕ್ಕೆ ಅದೇ ಮೂರು ಮುಗಿಸಿದರೆ ಎರಡು ವಾರ ಸಾಕು. ಒಂದು ಗಂಟೆಯೂ ಜಾಸ್ತಿ ದುಡಿದಿಲ್ಲ, ಆದರೆ ಕಾಯುವವರಿಗೆ ಅರ್ಧ ಸಮಯದಲ್ಲಿ ಸಿಕ್ಕಿತು.

ಓಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ಕೊನೆಯ ಎರಡು ದಿನದ ನೂಕುನುಗ್ಗಲು ಹುಟ್ಟುವುದೇ ಇಲ್ಲಿ. ಎಲ್ಲರೂ ಒಂದೆರಡು ಹಿಡಿದು ಎಲ್ಲವೂ ಶೇಕಡಾ 80 ಮುಗಿದಿರುತ್ತದೆ. ಬುಧವಾರ ಮಧ್ಯಾಹ್ನ ಎಂಟು ಕಾರ್ಡ್ ಒಟ್ಟಿಗೆ ಟೆಸ್ಟಿಂಗ್‌ಗೆ ಬೀಳುತ್ತವೆ. ಟೆಸ್ಟ್ ಮಾಡುವವರು ಒಬ್ಬರೇ. ಅವರ ಓಟಿ ಯಾರ ಶೀಟ್‌ನಲ್ಲೂ ಇರುವುದಿಲ್ಲ, ಯಾಕಂದರೆ "ಟೆಸ್ಟಿಂಗ್ ಅಂದ್ರೆ ಹಾಗೇ" ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಆರು ಜನಕ್ಕೆ ನಾಲ್ಕೇ ಕಾರ್ಡ್ ಅಂತ ಮಿತಿ ಹಾಕಿ. ಕೈ ಖಾಲಿಯಾದವರು ಹೊಸ ಕಾರ್ಡ್ ಎತ್ತಿಕೊಳ್ಳುವ ಬದಲು ಹಳೆಯದನ್ನು ಮುಗಿಸಲು ಕೈ ಜೋಡಿಸಲಿ. ಮೊದಲ ವಾರ ವಿಚಿತ್ರ ಅನಿಸುತ್ತದೆ.

ಕೆಲಸ ತಡವಾದಾಗ ಹೊಸ ಜನ ಸೇರಿಸುವುದು ಇನ್ನೊಂದು ಮಾಮೂಲಿ ಉಪಾಯ. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂಬ ಬ್ರೂಕ್ಸ್ ನಿಯಮ 1975ರಷ್ಟು ಹಳೆಯದು. ಬೆಂಚ್‌ನಿಂದ (ಪ್ರಾಜೆಕ್ಟ್ ಇಲ್ಲದೆ ಕಾಯುತ್ತಿದ್ದವರ ಗುಂಪಿನಿಂದ) ಬಂದ ಇಬ್ಬರಿಗೆ ಕೋಡ್ ಅರ್ಥ ಮಾಡಿಸುವವರು ಹಳೆಯ ಆರು ಜನವೇ ತಾನೆ. ಅದೂ ರಾತ್ರಿ.

ಹೆಜ್ಜೆ 6: ರಾತ್ರಿ ಕಾಲ್‌ಗಳಿಗೆ ಕಡಿವಾಣ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 9:30. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ಸೋಮವಾರದಿಂದ ಅದೇ ಕಾಲ್ ನಮಗೆ ರಾತ್ರಿ 10:30. ಅವರ ಕ್ಯಾಲೆಂಡರ್‌ನಲ್ಲಿ ಏನೂ ಬದಲಾಗಿಲ್ಲ, ಹಾಗಾಗಿ ಅವರಿಗೆ ಗೊತ್ತೂ ಆಗುವುದಿಲ್ಲ. ಮಾರ್ಚ್ ಎರಡನೇ ಭಾನುವಾರದವರೆಗೆ ನಾವು ಆಕಳಿಸುತ್ತಾ ಕೂರುತ್ತೇವೆ. ನಾನು ಎರಡು ವರ್ಷ ಹೀಗೇ ಕೂತೆ, ಕೇಳಬಹುದು ಅಂತಲೇ ಹೊಳೆದಿರಲಿಲ್ಲ. ಕೇಳಿದಾಗ ಬಂದ ಉತ್ತರ: "ಓಹ್, ಅಲ್ಲಿ ಹತ್ತೂವರೆನಾ? ಒಂದು ಗಂಟೆ ಮುಂಚೆ ಇಟ್ಕೊಳ್ಳೋಣ." ಅಷ್ಟೇ.

ಮಾಡಬೇಕಾದ್ದು: ಮೀಟಿಂಗ್ ಇನ್ವೈಟ್ ಅನ್ನು ಭಾರತದ ಸಮಯಕ್ಕೆ ಕಟ್ಟಿ. ಒಂದು ತಿಂಗಳು ನಮ್ಮ ರಾತ್ರಿ, ಒಂದು ತಿಂಗಳು ಅವರ ಮುಂಜಾನೆ ಅಂತ ಪಾಳಿ ಮಾಡಿ. ಆರು ಜನವೂ ಕೂರುವುದು ಬೇಡ, ಇಬ್ಬರು ಸಾಕು. ಅವರೇ ಹತ್ತು ಸಾಲಿನಲ್ಲಿ ನಡೆದದ್ದನ್ನು ಬರೆದು ಹಾಕಲಿ. ರಾತ್ರಿ ಕಾಲ್ ಮಾಡಿದವರು ಮರುದಿನ ಅಷ್ಟೇ ಹೊತ್ತು ತಡವಾಗಿ ಬರಲಿ, ಬೆಳಗ್ಗೆ 9:30ರ ಸ್ಟ್ಯಾಂಡಪ್ ಅನ್ನು 11ಕ್ಕೆ ತಳ್ಳಿ. ಲಂಡನ್ ಜೊತೆಗಿನವರಿಗೆ ಇಷ್ಟು ತೊಂದರೆ ಇಲ್ಲ. ಅಲ್ಲಿಯ ಬೆಳಗ್ಗೆ 10 ನಮಗೆ ಮಧ್ಯಾಹ್ನ 2:30 ಅಥವಾ 3:30.

ಹೆಜ್ಜೆ 7: ಆನ್‌ಕಾಲ್ ಅನ್ನು ಕೆಲಸ ಅಂತಲೇ ಎಣಿಸಿ

ಆನ್‌ಕಾಲ್ ಇರುವವರಿಗೆ ಸ್ಪ್ರಿಂಟ್‌ನಲ್ಲಿ ಸ್ಟೋರಿ ಕೊಡಬೇಡಿ. ಪೂರ್ತಿ ಸೊನ್ನೆ. ಫೋನ್ ಬಾರದಿದ್ದರೆ ಅಲರ್ಟ್‌ಗಳನ್ನು ಸರಿಮಾಡಲಿ, ಡಾಕ್ಯುಮೆಂಟ್ ಬರೆಯಲಿ. ಗೂಗಲ್‌ನ ಎಸ್‌ಆರ್‌ಇ ತಂಡಗಳು (ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವವರು) 12 ಗಂಟೆಯ ಒಂದು ಶಿಫ್ಟ್‌ಗೆ ಹೆಚ್ಚೆಂದರೆ ಎರಡು ಘಟನೆ ಅಂತ ಮಿತಿ ಇಟ್ಟುಕೊಂಡಿವೆ. ಅದು ಒಳ್ಳೆಯ ಅಳತೆಗೋಲು. ನಿಮ್ಮಲ್ಲಿ ಒಂದು ರಾತ್ರಿಗೆ ಐದು ಸಲ ಫೋನ್ ಹೊಡೆದುಕೊಂಡರೆ ಮುಂದಿನ ಸ್ಪ್ರಿಂಟ್‌ನ ಮೊದಲ ಕೆಲಸ ಅದೇ. ರಾತ್ರಿ ಎರಡಕ್ಕೆ ಎದ್ದವರು ಬೆಳಗ್ಗೆ ಸ್ಟ್ಯಾಂಡಪ್‌ಗೆ ಬರಬಾರದು, ಬಂದರೆ ವಾಪಸ್ ಕಳಿಸಿ.

ಹೆಜ್ಜೆ 8: ಓಟಿ ಬೇಕೇ ಬೇಕಾದಾಗ

ಕೆಲವು ಸಲ ದಾರಿಯೇ ಇರುವುದಿಲ್ಲ. ಮಾರ್ಚ್ 31ರೊಳಗೆ ತೆರಿಗೆಯ ಬದಲಾವಣೆ ಸಾಫ್ಟ್‌ವೇರ್‌ನಲ್ಲಿ ಬರಲೇಬೇಕು, ಸೆಕ್ಯೂರಿಟಿ ತೂತು ಇವತ್ತೇ ಮುಚ್ಚಬೇಕು. ಆಗ ಓಟಿ ಮಾಡಿ. ಆದರೆ ಶುರು ಮಾಡುವ ಮೊದಲು ನಾಲ್ಕು ಸಾಲು ಬರೆದು ಟೀಮ್ ಚಾನೆಲ್‌ನಲ್ಲಿ ಹಾಕಿ: ಯಾಕೆ, ಯಾವ ದಿನಾಂಕದವರೆಗೆ, ಇದಕ್ಕಾಗಿ ಯಾವ ಕೆಲಸ ಬಿಟ್ಟಿದ್ದೇವೆ, ವಾಪಸ್ ರಜೆ ಯಾವಾಗ. ಕೊನೆಯ ದಿನಾಂಕ ಬರೆಯಲು ಆಗದಿದ್ದರೆ ಆ ಓಟಿ ಶುರು ಮಾಡಬೇಡಿ. "ಸ್ಟೇಬಲ್ ಆಗೋವರೆಗೆ" ಅನ್ನುವುದು ದಿನಾಂಕ ಅಲ್ಲ.

ಇನ್ನು ಕೆಲವು, ನಾವು ಪೆಟ್ಟು ತಿಂದು ಕಲಿತದ್ದು. ರಾತ್ರಿ 9ರ ನಂತರ ಪ್ರೊಡಕ್ಷನ್‌ಗೆ ಯಾರೂ ಒಬ್ಬರೇ ಕೈ ಹಾಕಬಾರದು, ಪಕ್ಕದಲ್ಲಿ ಇನ್ನೊಬ್ಬರು ಸ್ಕ್ರೀನ್ ನೋಡುತ್ತಾ ಇರಬೇಕು. ಪ್ರೊಡಕ್ಷನ್ ಟರ್ಮಿನಲ್‌ನ ಬಣ್ಣ ಕೆಂಪು. ಆ ರಾತ್ರಿಯ ಮರುದಿನವೇ ಬದಲಾಯಿಸಿದೆವು, ಐದು ನಿಮಿಷದ ಕೆಲಸ. ಓಟಿಯಲ್ಲಿ ಬರೆದ ಕೋಡ್ ಬೆಳಗ್ಗೆ ಓದದೆ ಮರ್ಜ್ ಆಗಬಾರದು. ಶುಕ್ರವಾರ ಸಂಜೆ ಡಿಪ್ಲಾಯ್ (ಹೊಸ ಕೋಡ್ ಪ್ರೊಡಕ್ಷನ್‌ಗೆ ಹಾಕುವುದು) ಬೇಡ. ವಾಪಸ್ ರಜೆ ಎರಡು ವಾರದೊಳಗೆ ತೆಗೆದುಕೊಳ್ಳಬೇಕು, "ಆಮೇಲೆ ನೋಡೋಣ" ಅಂತ ಬಿಟ್ಟ ಕಾಂಪ್ ಆಫ್ ಡಿಸೆಂಬರ್‌ನಲ್ಲಿ ಲ್ಯಾಪ್ಸ್ ಆಗುತ್ತದೆ. ತಡವಾಗಿ ಹೋಗುವವರಿಗೆ ಕ್ಯಾಬ್ ಬುಕ್ ಮಾಡುವುದು ಕೂರಿಸಿದವರ ಜವಾಬ್ದಾರಿ. ಪಿಜ್ಜಾ ತರಿಸಬೇಡಿ ಅನ್ನುವುದಿಲ್ಲ, ಆದರೆ ಅದನ್ನು ಪರಿಹಾರ ಅಂದುಕೊಳ್ಳಬೇಡಿ.

ಸುಸ್ತು ಆಫೀಸಿನಲ್ಲಿ ಕಾಣುವುದು ತಡವಾಗಿ. ನಾನು ನೋಡುವ ಗುರುತುಗಳು ಚಿಕ್ಕವು: ರಿವ್ಯೂನಲ್ಲಿ ಪ್ರಶ್ನೆ ಕೇಳುವುದು ನಿಂತು ಬರೀ "ಚೆನ್ನಾಗಿದೆ" ಅಂತ ಬರುವುದು, ರೋಲ್‌ಬ್ಯಾಕ್ (ಹಾಕಿದ ಕೋಡ್ ವಾಪಸ್ ತೆಗೆಯುವುದು) ಜಾಸ್ತಿಯಾಗುವುದು, ಸೋಮವಾರ ಜ್ವರ ಬರುವವರು ಹೆಚ್ಚಾಗುವುದು. ಊಟದ ಟೇಬಲ್‌ನಲ್ಲಿ ಕ್ರಿಕೆಟ್ ಮಾತು ನಿಂತುಹೋಗುವುದು ಕೂಡ.

ಹೆಜ್ಜೆ 9: ಕೊನೆಯವರೆಗೆ ಕೂತವರಿಗೆ ಚಪ್ಪಾಳೆ ನಿಲ್ಲಿಸಿ

ಇದು ಎಲ್ಲಕ್ಕಿಂತ ಕಷ್ಟ. "ರಾತ್ರಿ ಎರಡರವರೆಗೆ ಕೂತು ಇಶ್ಯೂ ಬಗೆಹರಿಸಿದ್ದಕ್ಕೆ ಧನ್ಯವಾದ" ಅಂತ ಇಡೀ ಆಫೀಸಿಗೆ ಮೇಲ್ ಹೋಗುತ್ತದೆ. ಆ ಇಶ್ಯೂ ಬಾರದ ಹಾಗೆ ಟೆಸ್ಟ್ ಬರೆದು ಆರಕ್ಕೆ ಮನೆಗೆ ಹೋದವಳ ಹೆಸರು ಯಾವ ಮೇಲ್‌ನಲ್ಲೂ ಬರುವುದಿಲ್ಲ. ಹೊಸದಾಗಿ ಸೇರಿದ ಹುಡುಗರು ಎರಡನ್ನೂ ನೋಡುತ್ತಾರೆ, ಅಪ್ರೈಸಲ್‌ನಲ್ಲಿ ಯಾವುದಕ್ಕೆ ಬೆಲೆ ಅಂತ ಬೇಗ ಕಲಿಯುತ್ತಾರೆ. ಆಮೇಲೆ ಲೀಡ್ ಏಳುವವರೆಗೆ ಯಾರೂ ಕುರ್ಚಿ ಬಿಡುವುದಿಲ್ಲ, ಕೆಲಸ ಇಲ್ಲದಿದ್ದರೂ.

ಲೀಡ್ ಆಗಿದ್ದರೆ ನೀವೇ ಮೊದಲು ಏಳಿ, ಕಾಣುವ ಹಾಗೆ ಬ್ಯಾಗ್ ತೆಗೆದುಕೊಂಡು ಹೋಗಿ. ರಾತ್ರಿ ಹೊಳೆದ ಮೆಸೇಜ್ ಅನ್ನು ಬೆಳಗ್ಗೆ 9:30ಕ್ಕೆ ಹೋಗುವಂತೆ ಶೆಡ್ಯೂಲ್ ಮಾಡಿ. "ಅರ್ಜೆಂಟ್ ಅಲ್ಲ, ನಾಳೆ ನೋಡಿ" ಅಂತ ಬರೆದು ರಾತ್ರಿ ಹನ್ನೊಂದಕ್ಕೆ ಕಳಿಸಿದರೆ ಯಾರೂ ನಾಳೆ ನೋಡುವುದಿಲ್ಲ, ಆಗಲೇ ನೋಡುತ್ತಾರೆ. ಮೆಚ್ಚುಗೆಯ ಮೇಲ್ ಬರೆಯುವುದಾದರೆ ಶಾಂತವಾಗಿ ನಡೆದ ರಿಲೀಸ್‌ಗೆ ಬರೆಯಿರಿ.

ಕಾನೂನು ಏನು ಹೇಳುತ್ತದೆ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿ ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಲ್ಲಿ ಓಟಿ 50 ಗಂಟೆ ದಾಟಬಾರದು, ಓಟಿಗೆ ಎರಡರಷ್ಟು ಸಂಬಳ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. 2025ರ ಜೂನ್‌ನಲ್ಲಿ ದಿನದ ಮಿತಿಯನ್ನು 10ಕ್ಕೆ, ಓಟಿ ಸೇರಿ 12ಕ್ಕೆ, ಮೂರು ತಿಂಗಳ ಓಟಿಯನ್ನು 144 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು.

ಆ 50 ಗಂಟೆಯ ಅಂಕಿಯನ್ನು ನಾನು ಶೀಟ್‌ನಲ್ಲಿ ಗೆರೆಯಾಗಿ ಬಳಸುತ್ತೇನೆ. ಮೂರು ತಿಂಗಳಿಗೆ 13 ವಾರ, ಅಂದರೆ ಒಬ್ಬರಿಗೆ ವಾರಕ್ಕೆ ನಾಲ್ಕು ಗಂಟೆಗಿಂತ ಕಡಿಮೆ. ಒಂದೂವರೆ ಗಂಟೆಯ ಎರಡು ರಾತ್ರಿ ಕಾಲ್ ಇದ್ದರೆ ಅದರಲ್ಲೇ ಮೂರು ಗಂಟೆ ಹೋಯಿತು. ಉಳಿದಿದ್ದು ಒಂದು ಗಂಟೆಯೂ ಇಲ್ಲ.

ಮೇಲಿನವರು ಒಪ್ಪದಿದ್ದರೆ

ಮೂರು ಸ್ಪ್ರಿಂಟ್‌ನ ಶೀಟ್ ತೆಗೆದುಕೊಂಡು ಹೋಗಿ. ದೂರು ಹೇಳಬೇಡಿ, ದುಡ್ಡಿನ ಭಾಷೆಯಲ್ಲಿ ಮಾತಾಡಿ. "ಈ ಮೂರು ಸ್ಪ್ರಿಂಟ್‌ನಲ್ಲಿ ಟೆಸ್ಟ್ ಎನ್ವಿರಾನ್‌ಮೆಂಟ್ ಡೌನ್ ಆಗಿ 40 ಗಂಟೆ ಹೋಗಿದೆ. ಅದನ್ನು ಸರಿಮಾಡಲು ಒಬ್ಬರಿಗೆ ಮೂರು ದಿನ ಸಾಕು." ಇಂಥ ಮಾತಿಗೆ ಇಲ್ಲ ಅನ್ನುವುದು ಕಷ್ಟ. ಒಂದು ಸಲಕ್ಕೆ ಒಂದೇ ಕೇಳಿ.

ಅದಕ್ಕೂ ಕಿವಿಗೊಡದಿದ್ದರೆ? ನಿಮ್ಮ ಕೈಯಲ್ಲಿ ಇರುವುದು ಸ್ವಲ್ಪವೇ, ಆದರೂ ಇದೆ. ನಿಮ್ಮ ಅಂದಾಜನ್ನು ಬೇರೆಯವರ ಖುಷಿಗೆ ಕಡಿಮೆ ಹೇಳಬೇಡಿ. ನವೆಂಬರ್ ಬಂದಾಗ ಕಾಲ್‌ನ ಸಮಯ ಕೇಳಿ. ನಿಮ್ಮ ಗಂಟೆಗಳನ್ನು ನಿಮ್ಮದೇ ಡೈರಿಯಲ್ಲಿ ದಿನಾಂಕ ಸಮೇತ ಬರೆದಿಡಿ. ಕಾರ್ಮಿಕ ಇಲಾಖೆಗೆ ದೂರು ಕೊಡುವ ಹಂತ ಬಂದರೂ, ಇಂಟರ್ವ್ಯೂನಲ್ಲಿ ಹೊಸ ಕಂಪನಿಯವರನ್ನು ಪ್ರಶ್ನೆ ಕೇಳುವ ಹಂತ ಬಂದರೂ ಆ ಡೈರಿ ಬೇಕಾಗುತ್ತದೆ. ಕೇಳುವ ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ: "ನಿಮ್ಮ ಟೀಮ್ ಕೊನೆಯ ಸಲ ತಡವಾಗಿ ಕೂತಿದ್ದು ಯಾವಾಗ, ಯಾಕೆ?" ಲೆಕ್ಕ ಇಡುವ ಟೀಮ್ ಆದರೆ ದಿನಾಂಕ ಹೇಳುತ್ತಾರೆ. ಇಲ್ಲದಿದ್ದರೆ ನಕ್ಕು, "ನಾವೆಲ್ಲ ಇಲ್ಲಿ ಒಂದೇ ಫ್ಯಾಮಿಲಿ ಥರ" ಅನ್ನುತ್ತಾರೆ.